ಗಚ್ಚಿಯ ಬಿರುಕಿನಲ್ಲಿ ಇಂದಾಪುರದ ಹುಲ್ಲು

ನಾನು ಸುಳ್ಳು ಹೇಳಿದ್ದೆ, ಸುಮತಿಬಾಯಿ. ಆ ಎರಡು ಹುಲ್ಲು ಒಂದೇ ಅಲ್ಲ. ಇಂದಾಪುರದ ಮಡ್ಡಿಯಿಂದ ಬೀಜ ತಂದು ನನ್ನ ಕೈಗೆ ಕೊಟ್ಟಿರಲ್ಲ — ಅದು ಬೇರೆಯೇ ಜಾತಿ. ಸಂಶಯವಿತ್ತು ಅಂತಲ್ಲ, ಗಡಿಬಿಡಿಯಲ್ಲಿ ಕಣ್ತಪ್ಪಿತು ಅಂತಲ್ಲ — ನನಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ಮನೆಯ ಪಡಸಾಲೆಯಲ್ಲಿ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು “ಎರಡೂ ಒಂದೇ” ಅಂದೆ.

ಇಷ್ಟು ಬರೆದ ಮಾತ್ರಕ್ಕೆ ಮುದುಕನಿಗೆ ನಿಮ್ಮ ಮೇಲೆ ಮಮತೆ ಉಕ್ಕಿದೆ ಅಂದುಕೊಳ್ಳಬೇಡಿ. ನೀವು ನನಗೆ ಆಗಲೂ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ. ‘ಬಾಯಿ’ ಅಂತ ಕರೆದರೆ ಮನೆಗೆಲಸದವರನ್ನು ಕರೆದ ಹಾಗಾಗುತ್ತದೆ, ಕರೆಯಬೇಡಿ ಅಂತ ನೀವು ಒಮ್ಮೆ ಎಲ್ಲರೆದುರು ಹೇಳಿದ್ದಿರಿ. ನಮ್ಮ ವಿಜಾಪುರದ ಕಡೆ ಅದು ಮರ್ಯಾದೆಯ ಮಾತು. ಅವತ್ತಿನಿಂದ ಬೇಕಂತಲೇ ಇನ್ನೂ ಜೋರಾಗಿ ಕರೆಯತೊಡಗಿದೆ. ಈಗಲೂ ಬಿಡುವುದಿಲ್ಲ. ತಪ್ಪೊಪ್ಪಿಕೊಳ್ಳಲು ಕೂತಿದ್ದೇನೆ, ಒಳ್ಳೆಯವನಾಗಲು ಅಲ್ಲ.

ಇನ್ನೊಂದು. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ಇದನ್ನು ಅಚ್ಚಿಗೆ ಕೊಡುವವನಿದ್ದೇನೆ. ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿ ಕೈ ತೊಳೆದುಕೊಂಡರೆ ಅದೂ ಒಂದು ಕಳ್ಳಾಟವೇ ಆದೀತು.

ನಮ್ಮಿಬ್ಬರದೂ ಹುಲ್ಲಿನ ಶಾಸ್ತ್ರ. ಪುಣೆಯ ಒಂದೇ ಸಂಸ್ಥೆ, ಒಂದೇ ವಿಭಾಗ, ಎದುರುಬದುರು ಮೇಜು. ಮರಾಠಿ ಸಹೋದ್ಯೋಗಿಗಳೆಲ್ಲ “ತುಮ್ಹೀ ದೋಘೇ ಕಾನಡೀ, ತುಮಚಂ ಛಾನ್ ಜಮತ್ ಅಸೇಲ್” ಅನ್ನುವರು — ನೀವಿಬ್ಬರೂ ಕನ್ನಡದವರು, ಚೆನ್ನಾಗಿ ಹೊಂದುತ್ತಿರಬೇಕು ಅಂತ. ಹೊಂದುವುದು! ನನ್ನದು ಗುಮಾಸ್ತರ ಮನೆ. ಮುಧೋಳದಿಂದ ಬಂದ ನಮ್ಮಪ್ಪ ಇಲ್ಲಿಯವರ ಬಾಯಿಗೆ ಸಲೀಸಾಗಲೆಂದು ಮುಧೋಳಕರ್ ಆದ. ನಿಮ್ಮದು ಕುಂದಾಪುರದಿಂದ ಬಂದ ಹೋಟೆಲಿನವರ ಮನೆ. ನಾನು ‘ಅದ’ ಅಂದರೆ ನೀವು ತುಟಿಯಂಚಿನಲ್ಲಿ ನಗುತ್ತಿದ್ದಿರಿ. ನೀವು ‘ಉಂಟು’ ಅಂದರೆ ನನಗೆ ಮೈಯೆಲ್ಲ ಉರಿ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಕನ್ನಡವೇ ಅಲ್ಲ. ಮರಾಠಿಯಲ್ಲಿ ಮಾತಾಡಿಕೊಂಡಾಗಲೇ ನಾವು ಸ್ವಲ್ಪ ಸಭ್ಯರಾಗಿರುತ್ತಿದ್ದೆವು.

ಹುಲ್ಲಿಗೆ ಏನು ಶಾಸ್ತ್ರ ಅಂತ ಓದುವವರು ನಗಬಹುದು. ನಗಲಿ. ಒಂದು ಹುಲ್ಲು ಸಿಗುತ್ತದೆ. ಇದು ಈವರೆಗೆ ಯಾರೂ ಕಂಡಿರದ ಜಾತಿ ಅಂತ ಒಬ್ಬ ಹೇಳುತ್ತಾನೆ, ಅದಕ್ಕೊಂದು ಹೆಸರಿಡುತ್ತಾನೆ. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ನಮ್ಮಲ್ಲಿ ಅಸಹ್ಯ. ಗುರುವಿನದೋ ಊರಿನದೋ ಇಡಬಹುದು. ಆಮೇಲೆ ಇನ್ನೊಬ್ಬ ಬಂದು, ಇದು ಹಳೆಯ ಜಾತಿಯೇ ಕಣಯ್ಯ, ಬಡ ಮಣ್ಣಿಗೆ ಕುಳ್ಳಗಾಗಿದೆ ಅಷ್ಟೆ ಅಂತ ತೋರಿಸಿಕೊಟ್ಟರೆ ಹೊಸ ಹೆಸರು ಹಳೆಯ ಹೆಸರಿನ ಕೆಳಗೆ ಚಿಕ್ಕ ಅಕ್ಷರಕ್ಕೆ ಇಳಿಯುತ್ತದೆ. ಹೆಸರು ಮುಳುಗಿತು ಅನ್ನುತ್ತೇವೆ ನಾವು. ಹುಲ್ಲಿಗೆ ಇದ್ಯಾವುದರ ಖಬರೂ ಇರುವುದಿಲ್ಲ. ಅದು ಮಳೆಗೆ ಏಳುತ್ತದೆ, ದನ ಮೇಯುತ್ತದೆ, ಒಣಗುತ್ತದೆ.

ಲೋಣಾವಳಾದ ಮೇಲಿನ ಬಂಡೆಗಳ ಮೇಲೆ ನನಗೊಂದು ಗಿಡ್ಡ ಹುಲ್ಲು ಸಿಕ್ಕಿತ್ತು. ಹೊಸ ಜಾತಿ ಅಂತ ಪ್ರಕಟಿಸಿದೆ. ನನ್ನ ಜೀವಮಾನದಲ್ಲಿ ನಾನು ಹೆಸರಿಟ್ಟದ್ದು ಅದೊಂದಕ್ಕೇ. ಗಂಗಕ್ಕನ ಹೆಸರಿಟ್ಟೆ. ಗಂಗಕ್ಕ ನನ್ನ ಅಕ್ಕ. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಗಂಡ ತೀರಿದ ಮೇಲೆ ನನ್ನ ಮನೆಗೆ ಬಂದು ಮದುವೆಯಾಗದ ಈ ಸಿಡುಕನಿಗೆ ಕೊನೆಯವರೆಗೂ ರೊಟ್ಟಿ ಬಡಿದು ಹಾಕಿದವಳು. ಲ್ಯಾಟಿನ್ ಬಾಲ ಹಚ್ಚಿದ ತನ್ನ ಹೆಸರನ್ನು ಅವಳಿಗೆ ಓದಿ ತೋರಿಸಿದಾಗ ಬಿದ್ದು ಬಿದ್ದು ನಕ್ಕಳು. “ಊರಾಗ ಯಾರರೆ ಕೇಳಿದ್ರ ಏನಂತಾರೋ, ಗಂಗವ್ವ ಹುಲ್ಲಾದ್ಲು ಅಂತಾರ” ಅಂದಳು. ಆದರೂ ನೆರೆಮನೆಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ನನಗೆ ಅಷ್ಟು ಸಂತೋಷವಾದದ್ದು ಮತ್ತೆ ಯಾವತ್ತೂ ಇಲ್ಲ.

ಅದನ್ನು ನೀವು ಮುಳುಗಿಸಿದಿರಿ.

ಮುಳುಗಿಸಿದ ರೀತಿಯೇ ನನಗೆ ಹೆಚ್ಚು ಉರಿಸಿದ್ದು. ಬೆನ್ನ ಹಿಂದೆ ಬರೆದು ಹಾಕಿದ್ದರೆ ಜಗಳವಾಡಬಹುದಿತ್ತು, ನಾಲ್ಕು ಮಂದಿಯನ್ನು ನನ್ನ ಕಡೆ ಎಳೆದುಕೊಳ್ಳಬಹುದಿತ್ತು. ನೀವು ಹಾಗೆ ಮಾಡಲಿಲ್ಲ. ಪ್ರಕಟಿಸುವ ಮೊದಲು ನನ್ನನ್ನು ಕರೆದಿರಿ — ನಿಮ್ಮ ತಂದೆಯವರ ಹೋಟೆಲಿನ ಹಿತ್ತಿಲಿಗೆ. ಅಲ್ಲಿ ಹಿಟ್ಟು ರುಬ್ಬುವ ಯಂತ್ರದ ಪಕ್ಕ, ಎಣ್ಣೆ ಡಬ್ಬಗಳನ್ನು ಅರ್ಧಕ್ಕೆ ಕತ್ತರಿಸಿ ಮಣ್ಣು ತುಂಬಿಸಿ ಇಟ್ಟಿದ್ದಿರಿ. ಒಂದರಲ್ಲಿ ನನ್ನ ಬಂಡೆಯ ಹುಲ್ಲು, ಇನ್ನೊಂದರಲ್ಲಿ ಬಯಲಿನ ಸಾಮಾನ್ಯ ಹುಲ್ಲು. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು. ನನ್ನ ಗಿಡ್ಡ ಹುಲ್ಲು ಹೊಟ್ಟೆ ತುಂಬ ಉಂಡು ಎತ್ತರಕ್ಕೆ ಬೆಳೆದು ಪಕ್ಕದ ಡಬ್ಬದ ಹುಲ್ಲಿನಂತೆಯೇ ನಿಂತಿತ್ತು. ಯಾವುದು ಯಾವುದು ಅಂತ ನನಗೇ ತಿಳಿಯಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತೆ. ನೀವು ಕಾಫಿ ತರಿಸಿಕೊಟ್ಟು ತಗ್ಗಿದ ದನಿಯಲ್ಲಿ, “ಬೇಜಾರು ಮಾಡ್ಬೇಡಿ ಸರ್. ಎರಡೂ ಒಂದೇ” ಅಂದಿರಿ.

ಆ ಮಾತು ಮೊದಲು ನಿಮ್ಮ ಬಾಯಿಂದ ಬಂದದ್ದು. ನಿಮ್ಮ ಬಾಯಿಂದ ಬಂದಾಗ ಅದು ನಿಜವಾಗಿತ್ತು.

ನಾನು ಕಾಫಿ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ಗಂಗಕ್ಕನಿಗೆ ಹೇಳಿದೆ. ಅವಳು ಮೆಂತ್ಯೆ ಸೊಪ್ಪು ಸೋಸುತ್ತ, “ಹೋದ್ರ ಹೋಗ್ಲಿ ಬಿಡೋ. ಹುಲ್ಲಿಗೇನು ನನ್ನ ಹೆಸರು ಹಿಡದು ಕರದ್ರ ಓ ಅಂತದೇನು?” ಅಂದಳು. ಅವಳಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಅಕ್ಕನಿಗೆ ಅವಮಾನ ಮಾಡಿದಳು ಅಂತ ನಿಮ್ಮ ಮೇಲೆ ಹಲ್ಲು ಕಡಿದೆ. ಸುಳ್ಳು — ಅವಮಾನವಾದದ್ದು ನನಗೆ. ಅಕ್ಕನನ್ನು ಮುಂದೆ ಮಾಡಿಕೊಂಡೆ ಅಷ್ಟೆ.

ಆಮೇಲೆ ಕೆಲವು ವರ್ಷ ನಾವು ಮಾತೇ ಆಡಲಿಲ್ಲ. ನೀವು ಇಂದಾಪುರದ ಕಡೆ ಓಡಾಡತೊಡಗಿದಿರಿ. ಕಬ್ಬಿನ ಗದ್ದೆಗಳು ಮುಗಿದು ಮೊರಡು ನೆಲ ಶುರುವಾಗುವ ಕಡೆ, ಧನಗರರು ಕುರಿ ಮೇಯಿಸುವ ಆ ಮಡ್ಡಿಗಳಲ್ಲಿ. ಸರಕಾರಿ ಕಾಗದದಲ್ಲಿ ಅದರ ವರ್ಗ ‘ಪಡೀಕ್’ — ಬೀಳು, ಖರಾಬು. ಉಳುವುದಕ್ಕೆ ಬಾರದ್ದೆಲ್ಲ ಖರಾಬು ಅಂತ ಯಾವನೋ ಎಂದೋ ಬರೆದಿಟ್ಟ. ಅವತ್ತಿನಿಂದ ಅಲ್ಲಿ ಏನು ಬೆಳೆದರೂ ಅದು ಬೆಳೆಯೇ ಅಲ್ಲ. ಒಂದು ದಿನ ನೀವು ನನ್ನ ಮೇಜಿನ ಮುಂದೆ ಬಂದು ನಿಂತಿರಿ. ಕೈಯಲ್ಲಿ ಎರಡು ಬೀಜದ ಪೊಟ್ಟಣ. ಒಂದು ಸಾಮಾನ್ಯ ಹುಲ್ಲಿನದು, ಎಲ್ಲ ಕಡೆ ಬೆಳೆಯುವಂಥದು. ಇನ್ನೊಂದು ಆ ಮಡ್ಡಿಯದು. ಅದರ ಪ್ರತಿ ಗೆಣ್ಣಿಗೂ ಬಿಳಿ ಕೂದಲಿನ ಒಂದು ಸುತ್ತು ಇರುತ್ತದೆ, ಸಾಮಾನ್ಯ ಹುಲ್ಲಿನ ಗೆಣ್ಣು ನುಣ್ಣಗಿರುತ್ತದೆ ಅಂದಿರಿ. ಅದು ಒಣ ನೆಲದ ಪ್ರಭಾವವೋ, ನಿಜವಾಗಿ ಬೇರೆ ಜಾತಿಯೋ — ಎರಡನ್ನೂ ಒಟ್ಟಿಗೆ ಬೆಳೆಸಿ ನೋಡಬೇಕು. ಒಳಗಿನ ವಂಶವಾಹಿ ಬಗೆದು ಓದುವ ಈಗಿನ ಯಂತ್ರಗಳು ಆಗ ನಮಗೆಲ್ಲಿ ಎಟುಕುತ್ತಿದ್ದವು! ಕುಂಡವೇ ಗತಿ.

“ನೀವೇ ಬೆಳೆಸ್ರಿ. ಡಬ್ಬ ಅದಾವಲ್ಲ ನಿಮ್ಮ ಹೋಟೆಲಿನಾಗ” ಅಂತ ಚುಚ್ಚಿದೆ.

ನೀವು ಕೋಪಿಸಿಕೊಳ್ಳಲಿಲ್ಲ. “ನಾನು ಬೆಳೆಸಿದ್ರೆ ನನಗೆ ಬೇಕಾದ್ದೇ ಕಾಣ್ತದೆ ಸರ್. ಸ್ನೇಹಿತರಿಗೆ ಕೊಟ್ರೆ ನನಗೆ ಬೇಕಾದ್ದೇ ಹೇಳ್ತಾರೆ. ನಿಮಗೆ ನನ್ನನ್ನು ಕಂಡ್ರೆ ಆಗುದಿಲ್ಲ, ನನಗೆ ಗೊತ್ತುಂಟು. ನೀವು ಹೌದು ಅಂದ್ರೆ ಮತ್ತೆ ಯಾರೂ ಅಲ್ಲ ಅನ್ಲಿಕ್ಕಿಲ್ಲ” ಅಂದಿರಿ.

ನೋಡಿ, ಇದಕ್ಕೇ ನನಗೆ ನಿಮ್ಮ ಮೇಲೆ ಸಿಟ್ಟು. ವೈರಿಯನ್ನು ವೈರಿಯಾಗಿರಲು ಬಿಡಬೇಕಮ್ಮ. ಅವನನ್ನು ನ್ಯಾಯಾಧೀಶನ ಕುರ್ಚಿಯ ಮೇಲೆ ಕೂರಿಸಿದರೆ — ಯಾರು ಹೇಳಿದ್ದರು ನಿಮಗೆ ನನ್ನಲ್ಲಿ ಅಷ್ಟು ನಂಬಿಕೆ ಇಡಿ ಅಂತ? ನಾನೇನು ಅರ್ಜಿ ಹಾಕಿದ್ದೆನೇ?

ಬೀಜ ಇಸಿದುಕೊಂಡೆ. ನಮ್ಮ ಕಟ್ಟಡದ ಗಚ್ಚಿಯ ಮೇಲೆ, ನೀರಿನ ಟಾಕಿಯ ಪಕ್ಕ ಕುಂಡಗಳನ್ನು ಇಟ್ಟೆ. ಎರಡಕ್ಕೂ ಅದೇ ಮಣ್ಣು, ಅದೇ ಗೊಬ್ಬರ. ಮೊಣಕಾಲು ನೋವೆಂದು ನಾನು ದಿನಾ ಹತ್ತಲಾರದೆ, ಬಟ್ಟೆ ಒಣಹಾಕಲು ಹೋಗುವ ಗಂಗಕ್ಕನೇ ನೀರು ಹಾಕುತ್ತಿದ್ದಳು. ನಾನಂತೂ ಪ್ರಾಮಾಣಿಕವಾಗಿ ಬೆಳೆಸಿದೆ — ಒಪ್ಪಿಕೊಳ್ಳುತ್ತೇನೆ, ನಿಮ್ಮ ಹುಲ್ಲು ನೀರು ಕುಡಿದು ನುಣ್ಣಗಾಗಲಿ ಅಂತ ದೇವರಿಗೆ ಹರಕೆ ಹೊರುವುದೊಂದು ಬಾಕಿ ಇತ್ತು. ಆಗಿದ್ದರೆ ನಾನು ನಿಜವನ್ನೇ ಹೇಳಿ ನಿಮ್ಮನ್ನು ಮುಳುಗಿಸುತ್ತಿದ್ದೆ. ಎಷ್ಟು ಸುಖವಾಗುತ್ತಿತ್ತು!

ತೆನೆ ಬಿಚ್ಚುವ ಹೊತ್ತಿಗೆ ಹತ್ತಿ ನೋಡಿದೆ. ಸಾಮಾನ್ಯ ಹುಲ್ಲಿನ ಗೆಣ್ಣು ನುಣುಪು. ನಿಮ್ಮದರ ಪ್ರತಿ ಗೆಣ್ಣಿನಲ್ಲೂ ಬಿಳಿ ಸುತ್ತು, ಮಡ್ಡಿಯಲ್ಲಿ ಹೇಗಿತ್ತೋ ಹಾಗೇ, ಇನ್ನೂ ದಟ್ಟವಾಗಿ. ಲೆನ್ಸ್ ಬೇಕಿರಲಿಲ್ಲ. ಹಿಂದಿನಿಂದ ಬಟ್ಟೆ ಬುಟ್ಟಿ ಹೊತ್ತು ಬಂದ ಗಂಗಕ್ಕ, “ಇದು ಕಾಲಾಗ ಕಡಗ ಹಾಕ್ಕೊಂಡದ ನೋಡು, ಅದು ಬರಿಗಾಲು” ಅಂತ ನಕ್ಕು ತನ್ನ ಸೀರೆ ಹಿಂಡತೊಡಗಿದಳು. ಯಾರಿಗೂ ಕಾಣುವಂಥದ್ದೇ. ಕಣ್ಣಿದ್ದವರಿಗೆಲ್ಲ ಕಾಣುವಂಥದ್ದು.

ನಾನು ಬಿಸಿಲಲ್ಲಿ ನಿಂತೇ ಇದ್ದೆ. ಏನು ಯೋಚಿಸಿದೆ? ದೊಡ್ಡ ಒದ್ದಾಟವೇನೂ ಆಗಲಿಲ್ಲ, ಆಗಿತ್ತು ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನನ್ನ ಒಂದೇ ಒಂದು ಹೆಸರು ಮುಳುಗಿದೆ, ಇವಳದು ತೇಲುತ್ತದೆ — ಇಷ್ಟೇ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ದೊಡ್ಡ ಕಟ್ಟಿಗೆ ಬೇಕಾಗುವುದಿಲ್ಲ. ಮರುದಿನ ಬೆಳಿಗ್ಗೆ ಎರಡೂ ಕುಂಡದ ಹುಲ್ಲನ್ನು ಬೇರು ಸಹಿತ ಕಿತ್ತು ಚೀಲದಲ್ಲಿ ತುಂಬಿಕೊಂಡು ಪೇಟೆಯ ಗುಡಿಯ ಮುಂದೆ ಹೋದೆ. ಅಲ್ಲೊಬ್ಬ ಹೆಂಗಸು ಹಸು ಕಟ್ಟಿಕೊಂಡು ಕೂತಿರುತ್ತಾಳೆ. ಅವಳ ಹತ್ತಿರವೇ ಹುಲ್ಲಿನ ಕಟ್ಟು ಕೊಂಡು ಅವಳ ಹಸುವಿಗೇ ತಿನ್ನಿಸಿ ಜನ ಪುಣ್ಯ ಕಟ್ಟಿಕೊಳ್ಳುತ್ತಾರೆ. ನಾನು ಮನೆಯಿಂದಲೇ ಹುಲ್ಲು ತಂದದ್ದು ಕಂಡು ಅವಳು ಬೈದಳು. ಅವಳದೂ ಒಂದು ಕಟ್ಟು ಕೊಂಡ ಮೇಲೆ ಸುಮ್ಮನಾದಳು. ಜಗತ್ತು ಹೆಸರಿಡದ ಒಂದು ಜಾತಿಯನ್ನು ಹಸು ಸಾವಕಾಶವಾಗಿ ಮೆದ್ದು ಮುಗಿಸಿತು. ನಾನು ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಥೂ ನನ್ನ ಜನ್ಮಕ್ಕೆ.

ಆ ವಾರದಲ್ಲೇ ಒಂದು ಸಂಜೆ ನೀವು ಬಂದಿರಿ. ನೆನಪಿದೆಯಲ್ಲ — ಗಂಗಕ್ಕನಿಗೆಂದು ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಂಡು ಬಂದಿದ್ದಿರಿ. ಕುರ್ಚಿಯ ತುದಿಯಲ್ಲಿ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಬಂದ ಹುಡುಗಿಯ ಹಾಗೆ ನನ್ನ ಮುಖ ನೋಡಿದಿರಿ. ನಾನು ಕಾಯಿಸಿದೆ. ಕನ್ನಡಕ ಒರೆಸಿಕೊಂಡೆ. ಆಮೇಲೆ ಹೇಳಿದೆ, “ಎರಡೂ ಒಂದೇ, ಸುಮತಿಬಾಯಿ. ನೀರು ಸಿಕ್ಕ ಮ್ಯಾಲೆ ಕೂದಲು ಗೀದಲು ಏನೂ ಉಳೀಲಿಲ್ಲ. ಒಣಗಿದ್ವು, ಕಿತ್ತು ಒಗದೆ.”

ನಿಮ್ಮ ಮುಖದಲ್ಲಿ ಏನೋ ಒಂದು ಆರಿತು. ನಾನು ಅದನ್ನೇ ನೋಡಲು ಕಾದಿದ್ದೆ, ನೋಡಿದೆ. ಕುಂಡ ತೋರಿಸಿ ಅನ್ನುತ್ತೀರಿ, ಯಾಕೆ ಕಿತ್ತಿರಿ ಅಂತ ಜಗಳ ತೆಗೆಯುತ್ತೀರಿ ಅಂತ ಉತ್ತರ ಹೊಂದಿಸಿಕೊಂಡು ಕೂತಿದ್ದೆ. ನೀವು ಏನೂ ಕೇಳಲಿಲ್ಲ. “ನೀವು ಹೇಳಿದ್ರೆ ಸಾಕು ಸರ್” ಅಂದಿರಿ. ಗಂಗಕ್ಕ ಚಹಾದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನೀವು ಹೋದ ಮೇಲೆ ಕೇಳಿದಳು. “ಯಾಕ ಹಂಗಂದಿ ಅಕಿಗೆ? ಕಡಗ ಇತ್ತಲ್ಲೋ ಅದಕ್ಕ.”

“ನಿನಗ ತಿಳಿಯಂಗಿಲ್ಲ ಗಂಗಕ್ಕ. ಇದು ಶಾಸ್ತ್ರದ ಮಾತು.”

“ಶಾಸ್ತ್ರಕ್ಕ ಕಣ್ಣಿರಂಗಿಲ್ಲೇನು?” ಅಂದಳು. ಆಮೇಲೆ, “ನನ್ನ ಹೆಸರು ತಗದ್ಲು ಅಂತ ಅಕಿ ಹೆಸರು ತಗದಿ, ಹೌದಲ್ಲೋ? ನನ್ನ ಹೆಸರು ಮುಂದ ಮಾಡಬ್ಯಾಡ. ನಾ ಕೇಳಿದ್ದಿಲ್ಲ ನಿನಗ, ಹುಲ್ಲಾಗ ಹೆಸರು” ಅಂದಳು. ಆ ಬನ್ಸನ್ನು ಅವಳು ಮುಟ್ಟಲಿಲ್ಲ. ನಾನು ತಿಂದೆ. ಹಟಕ್ಕೆ ತಿಂದೆ.

ಇಲ್ಲಿಗೆ ನಿಂತಿದ್ದರೆ ಇದು ಇಬ್ಬರು ಹುಲ್ಲಿನ ಪಂಡಿತರ ಬೀದಿಜಗಳ. ಆದರೆ ಆ ಮಡ್ಡಿಗೆ ಕಾರ್ಖಾನೆ ಬಂತು. ಕುರಕುಂಭದಲ್ಲಿ ಇರುವಂಥದೇ ರಾಸಾಯನಿಕದ್ದು. ನೆಲ ಹೇಗೂ ಖರಾಬು, ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಇಂದಾಪುರದಲ್ಲಿ ಶಾಮಿಯಾನ ಹಾಕಿ ಜನರ ಅಹವಾಲು ಕೇಳಿದರು. ಕುರಿ ಮೇಯಿಸುವವರು ನಿಮ್ಮನ್ನು ಕರೆಸಿದ್ದರು, ವರ್ಷಗಟ್ಟಲೆ ತಮ್ಮ ಮಡ್ಡಿಯಲ್ಲಿ ಬಗ್ಗಿಕೊಂಡು ತಿರುಗಿದ ಹೆಣ್ಣುಮಗಳು ಇವಳೊಬ್ಬಳೇ ಅಂತ. ನಾನೂ ಹೋಗಿದ್ದೆ. ನಿಮಗೆ ಗೊತ್ತಿಲ್ಲ. ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ಯಾಕೆ ಹೋದೆ ಅಂತ ಕೇಳಬೇಡಿ — ಕೊಂದವನು ಹೆಣ ನೋಡಲು ಹೋಗುತ್ತಾನಂತೆ.

ಹಿರಿಯ ಧನಗರನೊಬ್ಬ ಎದ್ದು ನಿಮ್ಮನ್ನೇ ಕೇಳಿದ: “ಬಾಯಿ, ತುಮ್ಹೀಚ್ ಮ್ಹಣಾಲಾ ಹೋತಾ ನಾ, ಹೇ ಗವತ್ ವೇಗಳಂ ಆಹೇ?” — ನೀವೇ ಹೇಳಿದ್ದಿರಲ್ಲ, ಈ ಹುಲ್ಲು ಬೇರೆ ಅಂತ? ಅಧಿಕಾರಿ ಪೆನ್ನು ಹಿಡಿದು ನಿಮ್ಮ ಕಡೆ ನೋಡಿದ. ನೀವು ಮೈಕಿನ ಮುಂದೆ ಬಂದಿರಿ. ಇನ್ನೊಬ್ಬರಾಗಿದ್ದರೆ ಬಡವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ ಅಂತ ಹೌದು ಅಂದುಬಿಡುತ್ತಿದ್ದರು. ನೀವು ಸ್ಪಷ್ಟ ಮರಾಠಿಯಲ್ಲಿ, ನಾನು ಹಾಗೆ ತಿಳಿದಿದ್ದೆ, ಅದು ನನ್ನ ತಪ್ಪು, ಪರೀಕ್ಷೆಯಲ್ಲಿ ಸಾಮಾನ್ಯ ಹುಲ್ಲೇ ಅಂತ ಗೊತ್ತಾಯಿತು ಅಂದಿರಿ. ಅಧಿಕಾರಿ ಅದನ್ನು ಬರೆದುಕೊಂಡ. ಮುದುಕ ನಿಮ್ಮನ್ನು ಒಂದು ಸಲ ನೋಡಿ, ತಲೆಯ ಪಟಕ ಸರಿಮಾಡಿಕೊಂಡು ಕೂತ.

ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಂಬ ಹಿಡಿದುಕೊಂಡು ಕೂತೇ ಇದ್ದೆ.

ಒಂದು ಹುಲ್ಲಿನಿಂದ ಕಾರ್ಖಾನೆ ನಿಲ್ಲುತ್ತಿತ್ತೇ? ಗೊತ್ತಿಲ್ಲ. ನಿಲ್ಲದೆಯೂ ಇರಬಹುದಿತ್ತು. ಆದರೆ ಹೆಸರಿಲ್ಲದ್ದರ ಪರವಾಗಿ ಆ ಶಾಮಿಯಾನದಲ್ಲಿ ಬಾಯಿ ತೆರೆಯಲು ಯಾರಿಗೂ ಸಾಧ್ಯವಿರಲಿಲ್ಲ, ಅಷ್ಟು ಮಾತ್ರ ಕಣ್ಣಾರೆ ಕಂಡೆ. ಹೆಸರು ನಾವು ಇಡುವುದು, ಅದರಲ್ಲೇನಿದೆ, ಗಿಡದ ಸತ್ಯ ಗಿಡದಲ್ಲೇ ಇರುತ್ತದೆ ಅಂತ ಪಾಠ ಮಾಡಿದವನು ನಾನು. ಚೆಂದದ ಮಾತು. ಜಾರಿಕೊಳ್ಳಲು ಅದರಷ್ಟು ನುಣುಪಾದ ಮಾತು ಇನ್ನೊಂದಿಲ್ಲ. ಹೆಸರು ನಮ್ಮದೇ, ಸರಿ. ಆ ಬಿಳಿ ಕೂದಲು ನಮ್ಮದಲ್ಲವಲ್ಲ. ಇದ್ದದ್ದನ್ನು ಇಲ್ಲ ಅಂದ ಮೇಲೆ ಯಾವ ವೇದಾಂತ ಹೇಳಿದರೇನು? ಮುಂದೆ ಸೋಲಾಪುರದ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಕಿಟಕಿಯಿಂದ ನೋಡಿದೆ — ಗೋಡೆ, ಶೆಡ್ಡುಗಳು, ಗೇಟಿನ ಒಳಗೆ ಹಾಸಿದ ಹಸಿರು ಲಾನ್. ಹುಲ್ಲು ಕಿತ್ತು ಹುಲ್ಲು ಹಾಕಿದ್ದಾರೆ. ಆಮೇಲೆ ಮಳೆಗಾಲ ಮುಗಿದಾಗಲೆಲ್ಲ ಕದ್ದು ಹೋಗಿ, ಸುತ್ತಲಿನ ಮಡ್ಡಿಗಳಲ್ಲಿ ಕುರಕುಂಭದವರೆಗೂ ಹುಡುಕಿದೆ. ಎಲ್ಲೂ ಸಿಗಲಿಲ್ಲ.

ಗಂಗಕ್ಕ ಹೋಗಿ ಕೆಲವು ವರ್ಷವಾಯಿತು. ಕೊನೆಯವರೆಗೂ ನನಗೆ ರೊಟ್ಟಿ ಬಡಿದಳು, ಮದ್ದು ಕೊಟ್ಟಳು; ಹುಲ್ಲಿನ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ಗಚ್ಚಿಗೆ ಬಟ್ಟೆ ಒಣಹಾಕಲು ಹೋಗುವುದನ್ನೇ ಬಿಟ್ಟು ಬಾಲ್ಕನಿಯಲ್ಲಿ ಹಗ್ಗ ಕಟ್ಟಿಸಿಕೊಂಡಳು. ಕಾರಣ ನಾನು ಕೇಳಲಿಲ್ಲ.

ಅವಳು ಗಚ್ಚಿಗೆ ಹೋಗಿದ್ದರೆ ನೋಡುತ್ತಿದ್ದಳು. ಯಾಕೆಂದರೆ — ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ — ನಿಮ್ಮ ಹುಲ್ಲು ಸತ್ತಿಲ್ಲ. ನಾನು ಕೀಳುವ ಮೊದಲೇ ಒಂದಿಷ್ಟು ಬೀಜ ಉದುರಿತ್ತು. ಟಾಕಿಯ ಬುಡದಲ್ಲಿ ಸಿಮೆಂಟಿನ ಗಿಲಾಯಿ ಬಿಟ್ಟ ಕಡೆ ಒಂದು ಉದ್ದ ಬಿರುಕಿದೆ. ಮರು ಮಳೆಗಾಲಕ್ಕೆ ಅಲ್ಲಿಂದ ಎದ್ದಿತು, ಗೆಣ್ಣುಗೆಣ್ಣಿಗೂ ಕಡಗ ಹಾಕಿಕೊಂಡು. ಕಿತ್ತೆ. ಅದರ ಮರು ಮಳೆಗಾಲಕ್ಕೆ ಮತ್ತೆ. ಮತ್ತೆ ಕಿತ್ತೆ. ಜಗತ್ತಿನಲ್ಲಿ ಇದೊಂದೇ ಕಡೆ ಉಳಿದಿದೆ ಅಂತ ಗೊತ್ತಿದ್ದೂ ಪ್ರತಿ ವರ್ಷ ಮೊಣಕಾಲು ಹಿಡಿದುಕೊಂಡು ಹತ್ತಿ ಹೋಗಿ ಕಿತ್ತಿದ್ದೇನೆ. ಪ್ರತಿ ಸಲ ನಾಲ್ಕು ಬೀಜ ಮೊದಲೇ ಉದುರಿಸಿಕೊಂಡು ಕೂತಿರುತ್ತಿತ್ತು ಮುಂಡೇದು. ನಿಮ್ಮಷ್ಟೇ ಹಟಮಾರಿ.

ಈ ಸಲ ಕೀಳಲಿಲ್ಲ. ಯಾಕೆ ಅಂದರೆ ನೀವು ಕಳಿಸಿದ ಆ ಹುಡುಗಿ. ಬೆಂಗಳೂರಿನವಳು, ನಿಮ್ಮ ವಿದ್ಯಾರ್ಥಿನಿ, ಯಾವುದೋ ಹುಲ್ಲು ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಿಮ್ಮ ಮೇಡಂಗೇ ತೋರಿಸಬಾರದೇ ಅಂದೆ. “ತೋರಿಸ್ದೆ ಸರ್. ಮ್ಯಾಮ್ ನೋಡಲ್ಲ ಅಂದ್ಬಿಟ್ರು. ನನ್ನ ಕಣ್ಣು ನಂಬ್ಬೇಡ, ಒಂದ್ಸಲ ಮೋಸ ಹೋಗಿದೆ, ಅದಕ್ಕೇ ಹೊಸ ಜಾತಿ ಗುರುತಿಸೋ ಕೆಲ್ಸಾನೇ ಬಿಟ್ಟೆ, ಮುಧೋಳಕರ್ ಸರ್ ಹತ್ರ ಹೋಗು ಅಂದ್ರು. ಅವ್ರಿಗೆ ನನ್ನ ಕಂಡ್ರೆ ಆಗಲ್ಲ, ಆದ್ರೆ ಹುಲ್ಲಿನ ವಿಷಯದಲ್ಲಿ ಸುಳ್ಳು ಹೇಳೋ ಮನುಷ್ಯ ಅಲ್ಲ ಅಂದ್ರು.”

ಆ ಹುಡುಗಿಯ ಎದುರಿಗೇ ನಾನು ಕಿರುಚಿದೆ. ಹೊರಗೆ ಹೋಗು ಅಂದೆ. ಪಾಪ, ಅವಳಿಗೇನು ಗೊತ್ತು. ಹೆದರಿ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅವಳಿಗೆ ನನ್ನ ಪರವಾಗಿ ಏನಾದರೂ ಹೇಳಿ. ನಿಮ್ಮ ಹುಲ್ಲನ್ನು ಕಿತ್ತೆ ಅಂದುಕೊಂಡಿದ್ದೆ. ನಿಮ್ಮ ಕಣ್ಣನ್ನು ಕಿತ್ತಿದ್ದೆ, ಸುಮತಿಬಾಯಿ. ನಮ್ಮ ಕಾಲದಲ್ಲಿ ಈ ಪುಣೆಯಲ್ಲಿ ಹುಲ್ಲನ್ನು ನಿಮ್ಮ ಹಾಗೆ ನೋಡುವ ಇನ್ನೊಂದು ಜೊತೆ ಕಣ್ಣಿರಲಿಲ್ಲ. ಇದನ್ನು ಹೇಳಲು ನನಗೆ ನಾಲಿಗೆ ಕಹಿಯಾಗುತ್ತಿದೆ, ಆದರೂ ಹೇಳುತ್ತಿದ್ದೇನೆ.

ಗಣಪತಿ ಮುಗಿದು ಮಳೆ ಬಿಟ್ಟ ಮೇಲೆ ನಮ್ಮ ಸೊಸೈಟಿಯವರು ಗಚ್ಚಿಗೆಲ್ಲ ವಾಟರ್‌ಪ್ರೂಫಿಂಗ್ ಮಾಡಿಸುತ್ತಾರಂತೆ. ಬಿರುಕೆಲ್ಲ ಕೆತ್ತಿ, ರಾಸಾಯನಿಕ ಸುರಿದು, ಮೇಲೆ ಡಾಂಬರಿನ ಹಾಳೆ. ಆ ಸೂಚನೆ ಓದಿದಾಗ ನನಗೆ ಮೊದಲು ಅನಿಸಿದ್ದು ನೆಮ್ಮದಿ. ಇದನ್ನೂ ಮುಚ್ಚಿಡುವುದಿಲ್ಲ. ನನ್ನ ಕೈಯಿಂದಲ್ಲದೆ ತಾನಾಗಿ ಮುಗಿಯುತ್ತದೆ, ಇನ್ನು ಮೇಲೆ ನನ್ನ ಮಾತನ್ನು ಸುಳ್ಳು ಮಾಡುವುದು ಭೂಮಿಯ ಮೇಲೆ ಏನೂ ಇರುವುದಿಲ್ಲ ಅಂತ. ಎರಡು ದಿನ ಹಾಗೇ ಇದ್ದೆ. ಆಮೇಲೆ ಸೆಕ್ರೆಟರಿಯನ್ನು ಗಚ್ಚಿಗೆ ಕರೆದುಕೊಂಡು ಹೋಗಿ, ಟಾಕಿಯ ಬುಡ ಮಾತ್ರ ಬಿಡಿ, ಸೋರುವುದಾದರೆ ಕೆಳಗಿರುವುದು ನನ್ನ ಮನೆ, ನನ್ನ ಮೇಲೇ ಸೋರಲಿ ಅಂದೆ. ಅವನು ನಕ್ಕ. “ಕಾಕಾ, ಗವತಾಸಾಠೀ?” ಹುಲ್ಲಿಗಾಗಿಯೇ? ಆಮೇಲೆ ಸುಮ್ಮನೆ ಕೇಳಿದ, “ನಾವ್ ಕಾಯ್ ಹ್ಯಾಚಂ?” — ಏನಿದರ ಹೆಸರು?

ಸಾಮಾನ್ಯ ಹುಲ್ಲಿನ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಅದನ್ನೇ ಹೇಳಿದ ನಾಲಿಗೆ. ನುಂಗಿಕೊಂಡೆ. “ಅಜೂನ್ ಠೇವಲೇಲಂ ನಾಹೀ” ಅಂದೆ. ಇನ್ನೂ ಇಟ್ಟಿಲ್ಲ.

ಸಂಸ್ಥೆಗೂ ಪತ್ರಿಕೆಗೂ ನಾನೇ ಬರೆಯುತ್ತೇನೆ, ಹಸುವಿನ ಸಂಗತಿಯನ್ನೂ ಬಿಡದೆ. ಅಹವಾಲು ಕೇಳಿದ ಆ ಕಚೇರಿಗೂ ಬರೆಯುತ್ತೇನೆ, ಕಾರ್ಖಾನೆ ಎದ್ದ ಮೇಲೆ ಅವರಿಗೆ ಅದು ರದ್ದಿಯಾದರೂ ಸರಿ. ಆ ಮುದುಕ ಧನಗರ ಇದ್ದಾನೋ ಇಲ್ಲವೋ. ಇದ್ದರೆ ಅವನ ಮುಂದೆಯೂ ಹೋಗಿ ನಿಲ್ಲಬೇಕು. ಉಪ್ಪು ತಿಂದಿದ್ದೇನೆ, ನೀರು ಕುಡಿಯುತ್ತೇನೆ. ನಿಮ್ಮಿಂದ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನನಗೆ ನಿಮ್ಮ ಆ ಗುಣವೇ ಆಗುವುದಿಲ್ಲ.

ನೀವು ಬನ್ನಿ. ಈ ವಾರ ತೆನೆ ಬಿಚ್ಚಿದೆ. ಗಚ್ಚಿಯ ಕೀಲಿ ವಾಚ್‌ಮನ್ ಹತ್ತಿರ ಕೊಟ್ಟಿದ್ದೇನೆ, ನನ್ನ ಮನೆಯ ಬಾಗಿಲು ತಟ್ಟುವ ಗರಜಿಲ್ಲ. ಬೀಜ ತೆಗೆದುಕೊಂಡು ಹೋಗಿ, ನಿಮ್ಮ ಡಬ್ಬದಲ್ಲಿ ನೀವೇ ಬೆಳೆಸಿ, ನಿಮಗೆ ಬೇಕಾದ ಹೆಸರಿಡಿ. ಇದು ಬೇರೆ ಜಾತಿ ಅಂತ ಮೊದಲ ಸಾಲಿನಲ್ಲೇ ಬರೆದೆನಲ್ಲ, ಅದನ್ನೂ ನಂಬಬೇಡಿ. ನನ್ನ ಮಾತು ನಂಬಿ ಒಮ್ಮೆ ಕೆಟ್ಟಿದ್ದೀರಿ. ಟಾಕಿಯ ಬುಡದಲ್ಲಿ ಬಗ್ಗಿ, ಗೆಣ್ಣಿಗೆ ಕಡಗ ಇದೆಯೋ ಇಲ್ಲವೋ, ನಿಮ್ಮ ಕಣ್ಣಿಂದ ನೀವೇ ನೋಡಿ.